ಕಾರ್ಡು ಯಾವ ಖಾತೆಯದು?

ಸಂಪಾದಕ ಮಂಡಲಿಯವರು ಈ ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಅಪೇಕ್ಷಿಸಿದಾಗ, ನಾನು ಎಂದಿನಂತೆ ವ್ಯಾಕರಣದ ಯಾವುದಾದರೊಂದು ಪ್ರಮೇಯವನ್ನು ಎತ್ತಿಕೊಳ್ಳುವೆನೆಂದು ಅವರು ಭಾವಿಸಿರಬೇಕು. ಶಿಥಿಲದ್ವಿತ್ವವನ್ನು ಕುರಿತು ಅರ್ಧ ಬರೆದಿಟ್ಟ ಪ್ರಬಂಧವೊಂದು ನನ್ನ ಮೇಜಿನ ಮೇಲೆ ಇದ್ದೇ ಇದೆ. ಆದರೆ ಕಳೆದ ಎರಡು ಮೂರು ವರ್ಷಗಳಲ್ಲಿ ನಮ್ಮ ವಿದ್ಯಾಲಯದ ಪಾಲಕರೂ ಹಳೆಯ ವಿದ್ಯಾರ್ಥಿಗಳೂ ನನ್ನಲ್ಲಿಗೆ ತಂದ ಸಂಶಯಗಳಲ್ಲಿ ಶಿಥಿಲದ್ವಿತ್ವದ್ದು ಒಂದೂ ಇರಲಿಲ್ಲ. ಅವರು ತಂದುದು ಬ್ಯಾಂಕಿನ ಪ್ಲಾಸ್ಟಿಕ್ ಕಾರ್ಡುಗಳನ್ನು. “ಗುರುಗಳ, ಇದು ಯಾವ ಖಾತೇದು ನೋಡಿ ಹೇಳ್ರಿ” ಎಂಬುದೇ ಅವರೆಲ್ಲರ ಪ್ರಶ್ನೆ. ಊರಲ್ಲಿ ಪಂಡಿತನೆನಿಸಿಕೊಂಡವನು ಹೊಲದ ಉತಾರವನ್ನೂ ಓದಬೇಕು, ಕೋರ್ಟಿನ ನೋಟೀಸನ್ನೂ ಓದಬೇಕು, ಔಷಧದ ಚೀಟಿಯನ್ನೂ ಓದಬೇಕು. ಆ ಸಾಲಿಗೆ ಈಗ ಕಾರ್ಡು ಸೇರಿದೆ. ಪ್ರಶ್ನೆ ಸಣ್ಣದೆಂದು ತೋರಬಹುದು. ಅದರ ಉತ್ತರ ತಿಳಿಯದೆ ಹಣ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ. ಆದುದರಿಂದ ಈ ವಿಷಯವನ್ನೇ ಇಲ್ಲಿ ನಿವೇದಿಸಲು ಧೈರ್ಯ ಮಾಡಿದ್ದೇನೆ.

ಮೊದಲು ನನ್ನ ಕಥೆಯನ್ನೇ ಹೇಳಿಬಿಡುವುದು ಲೇಸು. ನನ್ನ ಸಂಬಳ ಜಮೆಯಾಗುವ ಬ್ಯಾಂಕಿನವರು ಕೆಲವು ವರ್ಷಗಳ ಹಿಂದೆ ನನ್ನನ್ನು ಆದರದಿಂದ ಕೂಡಿಸಿ, ಚಹ ಕೊಟ್ಟು, ಕೆಲವು ಕಾಗದಗಳಿಗೆ ಸಹಿ ಹಾಕಿಸಿಕೊಂಡು, ಇನ್ನೊಂದು ಕಾರ್ಡನ್ನು ಮನೆಗೆ ಕಳುಹಿಸಿದರು. ಅದೇ ಬ್ಯಾಂಕು, ಅದೇ ಹೆಸರು, ಹೆಚ್ಚು ಕಡಿಮೆ ಅದೇ ಬಣ್ಣ. ಹೀಗಿರಲು ಅದೂ ನನ್ನ ಸಂಬಳದ ಖಾತೆಯದೇ ಎಂದು ನಂಬಿದೆ. ಬೆಳಗಾವಿಯಲ್ಲಿ ಮಗಳ ಕಾಲೇಜಿನ ಪುಸ್ತಕಗಳನ್ನೂ ನಿಘಂಟೊಂದನ್ನೂ ಆ ಕಾರ್ಡಿನಿಂದ ಕೊಂಡೆ. ತಿಂಗಳ ಕೊನೆಗೆ ಪಾಸ್‌ಬುಕ್ಕು ತುಂಬಿಸಿ ನೋಡಿದರೆ ಹಣ ಇದ್ದ ಹಾಗೆಯೇ ಇತ್ತು. ಬ್ಯಾಂಕಿನವರು ಕಡಿಯಲು ಮರೆತಿರಬಹುದು, ನೆನಪಾದಾಗ ಕಡಿದುಕೊಳ್ಳುತ್ತಾರೆ ಎಂದು ಸುಮ್ಮನಾದೆ. ಎರಡು ತಿಂಗಳ ನಂತರ ಬಂದ ಪತ್ರದಲ್ಲಿ ಪುಸ್ತಕಗಳ ಬೆಲೆಯ ಮೇಲೆ ಬಡ್ಡಿ, ವಿಳಂಬ ಶುಲ್ಕ, ಆ ಶುಲ್ಕದ ಮೇಲೆ ತೆರಿಗೆ ಎಲ್ಲವೂ ಕ್ರಮವಾಗಿ ಮುದ್ರಿತವಾಗಿದ್ದವು. ಶಾಖೆಯ ತರುಣ ಗುಮಾಸ್ತನು ತಾಳ್ಮೆಯಿಂದ ಹೇಳಿದ: “ಸರ್, ಅದು ನಿಮ್ಮ ಖಾತೆಗೆ ಸಂಬಂಧಪಟ್ಟದ್ದೇ ಅಲ್ಲ. ಅದು ಬೇರೆ ಖಾತೆ, ಸಾಲದ್ದು.” ಮೂವತ್ತು ವರ್ಷ ಪಾಠ ಹೇಳಿದವನಿಗೆ ತನ್ನ ಹೆಸರಿನಲ್ಲಿ ಸಾಲದ ಖಾತೆಯೊಂದು ಇರುವ ಸಂಗತಿ ಆ ದಿನ ತಿಳಿಯಿತು.

ಈ ಗೊಂದಲದ ಮೂಲವನ್ನು ಹುಡುಕುತ್ತ ಹೋದಾಗ ಅದು ಒಂದು ಶಬ್ದದಲ್ಲಿ ಅಡಗಿರುವುದು ಕಂಡಿತು. ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ಕಿರ್ದಿ ಬರೆದು ಕೈ ಪಳಗಿದ ಹಿರಿಯರಿಗೆ ಜಮಾ ಯಾವುದು, ನಾವೆ ಯಾವುದು ಎಂಬುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ನಾನು ನೂರು ರೂಪಾಯಿ ಇಟ್ಟರೆ ಬ್ಯಾಂಕು ತನ್ನ ಪುಸ್ತಕದಲ್ಲಿ ಅದನ್ನು ನನ್ನ ಹೆಸರಿಗೆ ಜಮಾ ಬರೆಯುತ್ತದೆ. ಇಂಗ್ಲಿಷಿನವರು ಅದನ್ನು ಕ್ರೆಡಿಟ್ ಎನ್ನುತ್ತಾರೆ. ಐವತ್ತು ರೂಪಾಯಿ ತೆಗೆದರೆ ನನ್ನ ಮೇಲೆ ನಾವೆ ಬರೆಯುತ್ತದೆ; ಅದು ಡೆಬಿಟ್. ನನ್ನ ಜಮೆಯೊಳಗಿಂದ ನಾವೆ ಬರೆಯಿಸಲು ಅನುವು ಮಾಡಿಕೊಡುವ ಕಾರ್ಡು ಡೆಬಿಟ್ ಕಾರ್ಡು. ಇಲ್ಲಿಯವರೆಗೆ ಸರಿಯೆ. ಆದರೆ ಕ್ರೆಡಿಟ್ ಕಾರ್ಡಿನಲ್ಲಿರುವ ಕ್ರೆಡಿಟ್ ಶಬ್ದಕ್ಕೆ ಜಮಾ ಎಂಬ ಅರ್ಥವೇ ಇಲ್ಲ. ಅಲ್ಲಿ ಅದರ ಅರ್ಥ ನಂಬಿಕೆ, ನಂಬಿ ಕೊಟ್ಟ ಉದ್ದರಿ. ನಮ್ಮ ಸಹಕಾರಿ ಸಂಘಗಳ ಫಲಕದ ಮೇಲೆ ಎಷ್ಟೋ ಕಾಲದಿಂದ ಬರೆಯಲ್ಪಟ್ಟಿರುವ ‘ಪತ್ತು’ ಎಂಬುದೇ ಅದಕ್ಕೆ ಸರಿಯಾದ ಮಾತು. ಹೀಗೆ ಒಂದೇ ಶಬ್ದ ಪಾಸ್‌ಬುಕ್ಕಿನಲ್ಲಿ ‘ಹಣ ಬಂತು’ ಎನ್ನುತ್ತದೆ, ಕಾರ್ಡಿನ ಮೇಲೆ ‘ಸಾಲ ಕೊಟ್ಟೆ’ ಎನ್ನುತ್ತದೆ. ನಾನಾರ್ಥ ಶಬ್ದಗಳು ಕಾವ್ಯಕ್ಕೆ ಭೂಷಣ. ಬ್ಯಾಂಕಿನಲ್ಲಿ ಅವು ಮನೆ ಮುರಿಯುತ್ತವೆ.

ಇದು ಬರಿಯ ಪಾಂಡಿತ್ಯದ ಮಾತೆಂದು ಯಾರಾದರೂ ನಕ್ಕರೆ, ಅಥಣಿ ತಾಲೂಕಿನ ನನ್ನ ಹಳೆಯ ಶಿಷ್ಯನೊಬ್ಬನ ಪ್ರಸಂಗವನ್ನು ಅವರ ಮುಂದಿಡುತ್ತೇನೆ. ಒಳ್ಳೆಯ ಒಕ್ಕಲಿಗ, ಕಬ್ಬು ಬೆಳೆಯುವವನು, ಹತ್ತನೆಯ ತರಗತಿಯವರೆಗೆ ಇಲ್ಲಿಯೇ ಓದಿದವನು. ಅವನ ಬಳಿ ಒಂದೇ ಬ್ಯಾಂಕಿನ ಎರಡು ರೂಪೇ ಕಾರ್ಡುಗಳಿದ್ದವು. ಒಂದು ಉಳಿತಾಯ ಖಾತೆಯದು. ಇನ್ನೊಂದು ಕಿಸಾನ್ ಕ್ರೆಡಿಟ್ ಕಾರ್ಡು. ಈ ಕಿಸಾನ್ ಕಾರ್ಡು 1998ರಲ್ಲಿ ಆರಂಭವಾದ ಯೋಜನೆ; ಹೆಸರು ಕಾರ್ಡಾದರೂ ಮೊದಲ ವರ್ಷಗಳಲ್ಲಿ ಅದು ಪಾಸ್‌ಬುಕ್ಕಿನಂಥ ಕಿರುಹೊತ್ತಗೆಯೇ ಆಗಿತ್ತು, ಮುಂದೆ ಯಂತ್ರದಲ್ಲಿ ಹಾಕಿ ಹಣ ತೆಗೆಯುವ ಕಾರ್ಡಾಯಿತು. ಅದರ ಬೆನ್ನಿಗಿರುವುದು ಬೆಳೆಸಾಲದ ಖಾತೆ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದಾಗ ಇವನ ಮೊಬೈಲಿಗೆ ಇಷ್ಟು ಮೊತ್ತ ‘ಕ್ರೆಡಿಟ್’ ಆಗಿದೆ ಎಂಬ ಸಂದೇಶ ಬಂತು. ಕ್ರೆಡಿಟ್ ಆದ ಹಣ ಕ್ರೆಡಿಟ್ ಕಾರ್ಡಿನಲ್ಲಿಯೇ ಇರಬೇಕಲ್ಲವೆ? ಇವನು ಕಿಸಾನ್ ಕ್ರೆಡಿಟ್ ಕಾರ್ಡನ್ನು ಯಂತ್ರಕ್ಕೆ ಹಾಕಿದ, ಹಣ ಬಂತು. ಮತ್ತೆ ಮತ್ತೆ ಹಾಕಿದ, ಮತ್ತೆ ಮತ್ತೆ ಬಂತು. ಕೂಲಿ, ಗೊಬ್ಬರ, ತಂಗಿಯ ಮಗಳ ಮದುವೆಯ ಆಹೇರಿ ಎಲ್ಲವೂ ಅದರಿಂದಲೇ ನಡೆದವು.

ಅವನ ಸ್ವಂತ ಹಣವಾದ ಕಬ್ಬಿನ ಬಿಲ್ಲು ಆ ಅವಧಿಯಲ್ಲೆಲ್ಲ ಉಳಿತಾಯ ಖಾತೆಯಲ್ಲಿ ಶೇಕಡಾ ಮೂರರಷ್ಟು ಬಡ್ಡಿ ದುಡಿಯುತ್ತ ಮಲಗಿತ್ತು. ಅವನು ತೆಗೆಯುತ್ತಿದ್ದುದು ಶೇಕಡಾ ಏಳರ ಸಾಲವನ್ನು. ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿತ್ತು. ಮೂರು ಲಕ್ಷದವರೆಗಿನ ಬೆಳೆಸಾಲವನ್ನು ಗಡುವಿನೊಳಗೆ ತೀರಿಸಿದ ರೈತನಿಗೆ ಕೇಂದ್ರ ಸರ್ಕಾರದ ಯೋಜನೆಯಂತೆ ಇನ್ನೂ ಶೇಕಡಾ ಮೂರು ರಿಯಾಯತಿ ಸಿಕ್ಕು ಬಡ್ಡಿ ನಾಲ್ಕಕ್ಕೆ ಇಳಿಯುತ್ತದೆ. ಗಡುವು ಮೀರಿದರೆ ಅದು ತಪ್ಪಿಹೋಗುತ್ತದೆ. ಒಂದೇ ಬ್ಯಾಂಕಿಗೆ ಕಬ್ಬಿನ ಹಣ ಬಂದಿರುವುದರಿಂದ ಸಾಲ ತನ್ನಷ್ಟಕ್ಕೆ ತೀರಿತೆಂದು ಇವನು ತಿಳಿದಿದ್ದ. ಅವನ ತಂದೆಯ ಕಾಲದಲ್ಲಿ ಪಿಕೆಪಿಎಸ್‌ನ ಸಾಲವನ್ನು ಕಾರ್ಖಾನೆಯವರೇ ಬಿಲ್ಲಿನಲ್ಲಿ ಕಡಿದು ಸಂಘಕ್ಕೆ ಮುಟ್ಟಿಸುತ್ತಿದ್ದುದನ್ನು ಕಂಡವನಿಗೆ ಹಾಗೆ ತೋರಿದ್ದು ಸಹಜ. ಇಲ್ಲಿ ಹಾಗೆ ಕಡಿಯುವ ಏರ್ಪಾಡು ಇರಲಿಲ್ಲ. ಉಳಿತಾಯದಿಂದ ಸಾಲದ ಖಾತೆಗೆ ಹಣ ವರ್ಗಾಯಿಸಲು ಅವನೇ ಹೇಳಬೇಕಿತ್ತು. ಗಡುವು ದಾಟಿತು. ನನ್ನೆದುರು ಎರಡೂ ಕಾರ್ಡುಗಳನ್ನು ಇಟ್ಟು ಅವನು ಕೇಳಿದ ಮಾತು ಈಗಲೂ ಕಿವಿಯಲ್ಲಿದೆ: “ಮನ್ಯಾಗ ರೊಕ್ಕ ಇಟಗೊಂಡು ಸಾಲಾ ತಗದೇನ್ರಿ ಗುರುಗಳ?”

ಅವನಿಗೆ ನಾನು ಹೇಳಿದ ಉಪಮಾನವನ್ನೇ ಇಲ್ಲಿಯೂ ಹೇಳುತ್ತೇನೆ. ಕಾರ್ಡೆಂಬುದು ಸರ್ವನಾಮವಿದ್ದಂತೆ. ‘ಅವನು ಬಂದನು’ ಎಂದರೆ ಯಾರು ಬಂದರೆಂಬುದು ‘ಅವನು’ ಎಂಬುದರಲ್ಲಿ ಇಲ್ಲ. ಹಿಂದಿನ ವಾಕ್ಯದ ನಾಮಪದದಲ್ಲಿದೆ. ಹಾಗೆಯೇ ಕಾರ್ಡಿನಲ್ಲಿ ಹಣವಿಲ್ಲ. ಅದರ ಮೇಲಿನ ಉದ್ದನೆಯ ಸಂಖ್ಯೆ ಖಾತೆಯ ಸಂಖ್ಯೆಯೂ ಅಲ್ಲ. ಆ ಸಂಖ್ಯೆಯ ಮೊದಲಿನ ಅಂಕಿಗಳು ಯಾವ ಬ್ಯಾಂಕಿನದೆಂಬುದನ್ನು ಸೂಚಿಸುತ್ತವೆ. ಯಾವ ಖಾತೆಗೆ ಗಂಟು ಹಾಕಿದೆ ಎಂಬುದು ಬ್ಯಾಂಕಿನ ಗಣಕಯಂತ್ರದ ಕೋಷ್ಟಕದಲ್ಲಿ ಮಾತ್ರ ಬರೆದಿರುತ್ತದೆ. ಆದ್ದರಿಂದಲೇ ಕಾರ್ಡು ಕಳೆದು ಹೊಸದು ಬಂದಾಗ ಕಾರ್ಡಿನ ಸಂಖ್ಯೆ ಬದಲಾಗುತ್ತದೆ, ಖಾತೆ ಇದ್ದಂತೆಯೇ ಇರುತ್ತದೆ. ಡೆಬಿಟ್ ಕಾರ್ಡನ್ನು ಬೇರೆ ಬ್ಯಾಂಕಿನ ಖಾತೆಗೆ ಜೋಡಿಸಲು ಬರುವುದಿಲ್ಲ. ಅದೇ ಬ್ಯಾಂಕಿನಲ್ಲಿ ನಮಗೆ ಎರಡು ಮೂರು ಖಾತೆಗಳಿದ್ದರೆ ಕೆಲವು ಬ್ಯಾಂಕುಗಳು ಅವುಗಳನ್ನು ಒಂದೇ ಕಾರ್ಡಿಗೆ ಜೋಡಿಸಿಕೊಡುತ್ತವೆ. ಆಗ ಒಂದು ಮುಖ್ಯ ಖಾತೆ, ಉಳಿದವು ಉಪಖಾತೆಗಳು. ಅಂಗಡಿಯಲ್ಲಿ ಉಜ್ಜಿದಾಗ ಹಣ ಹೋಗುವುದು ಸಾಮಾನ್ಯವಾಗಿ ಮುಖ್ಯ ಖಾತೆಯಿಂದಲೇ. ಮುಖ್ಯ ಖಾತೆ ಯಾವುದೆಂದು ಕೇಳಿ ತಿಳಿದುಕೊಳ್ಳದವನು ಮಗನ ಫೀ ಎಂದು ತೆಗೆದಿಟ್ಟ ಹಣದಲ್ಲಿ ಟ್ರ್ಯಾಕ್ಟರಿನ ಡೀಸೆಲ್ ಹಾಕಿಸಿಕೊಂಡು ಬಂದಿರುತ್ತಾನೆ.

ಕ್ರೆಡಿಟ್ ಕಾರ್ಡಿನ ಗುಣ ಬೇರೆ. ಅದು ನಮ್ಮ ಯಾವ ಠೇವಣಿಗೂ ಅಂಟಿಕೊಂಡಿಲ್ಲ. ನಮ್ಮ ದೇಶದಲ್ಲಿ ಸೆಂಟ್ರಲ್ ಬ್ಯಾಂಕು 1980ರಲ್ಲಿ ಇದನ್ನು ಮೊದಲು ತಂದಾಗ ಅದು ನಗರದ ಸ್ಥಿತಿವಂತರ ವಸ್ತುವಾಗಿತ್ತು. ಈಗ ಚಿಕ್ಕೋಡಿಯ ಸಾಮಾನ್ಯ ನೌಕರರ ಕಿಸೆಯಲ್ಲಿಯೂ ಇದೆ. ತಿಂಗಳ ಬಿಲ್ಲನ್ನು ಯಾವ ಬ್ಯಾಂಕಿನ ಖಾತೆಯಿಂದ ಬೇಕಾದರೂ ಕಟ್ಟಬಹುದು, ಅಥವಾ ಇಂಥ ಖಾತೆಯಿಂದ ತಾನಾಗಿ ಕಡಿದುಕೊಳ್ಳಿರೆಂದು ಬರೆದುಕೊಡಬಹುದು. ಇಲ್ಲಿ ‘ಕನಿಷ್ಠ ಮೊತ್ತ’ ಎಂಬ ಮಾಯೆಯೊಂದಿದೆ. ಸಾಮಾನ್ಯವಾಗಿ ಬಿಲ್ಲಿನ ಶೇಕಡಾ ಐದರಷ್ಟು ಇರುವ ಅದನ್ನು ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಅನೇಕ ಕಾರ್ಡುಗಳಲ್ಲಿ ಆ ಬಡ್ಡಿ ತಿಂಗಳಿಗೆ ಮೂರೂವರೆಯ ಆಸುಪಾಸು, ಅಂದರೆ ವರ್ಷಕ್ಕೆ ನಲವತ್ತರ ಮೇಲೆ. ತಾನಾಗಿ ಕಡಿಯಲು ಬರೆದುಕೊಟ್ಟವರು ಪೂರ್ತಿ ಮೊತ್ತಕ್ಕೆ ಬರೆದುಕೊಟ್ಟಿದ್ದಾರೋ ಕನಿಷ್ಠಕ್ಕೋ ಎಂಬುದನ್ನು ನೋಡಬೇಕು. ಪೂರ್ತಿ ಕಟ್ಟುವವನಿಗೆ ಈ ಕಾರ್ಡು ಸುಮಾರು ನಲವತ್ತೈದು ದಿನಗಳ ಬಡ್ಡಿರಹಿತ ಉದ್ದರಿ. ನಾನು ಅದನ್ನು ನಿಂದಿಸುವವನಲ್ಲ. ನಗದು ತೆಗೆದರೆ ಮಾತ್ರ ಆ ಸೌಕರ್ಯವಿಲ್ಲ, ಅಂದಿನಿಂದಲೇ ಬಡ್ಡಿ ಓಡುತ್ತದೆ.

ದಾನಿಗಳು ಓದುವ ಸಂಚಿಕೆಯಾದ್ದರಿಂದ ಒಂದು ಪ್ರಸಂಗವನ್ನು ಸಂಕೋಚದಿಂದಲೇ ಹೇಳುತ್ತೇನೆ. ಕಟ್ಟಡ ನಿಧಿಗೆ ಕಾಣಿಕೆ ಕೊಡಲು ಬಂದ ಹಳೆಯ ವಿದ್ಯಾರ್ಥಿಯೊಬ್ಬ ಕ್ರೆಡಿಟ್ ಕಾರ್ಡನ್ನು ತೆಗೆದ. ಹಿಂದಿನ ಬಾಕಿ ತೀರಿದೆಯೇ ಎಂದು ಕೇಳಿದೆ. ಮೂರು ತಿಂಗಳಿನಿಂದ ಕನಿಷ್ಠ ಮೊತ್ತವನ್ನೇ ಕಟ್ಟುತ್ತಿದ್ದೇನೆ ಎಂದ. ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲುತ್ತದೆ, ಬಡ್ಡಿಗೆ ತಂದುದು ಹೇಗೆ ಸಂದೀತು? ಮುಂದಿನ ವರ್ಷ ಬಾರಪ್ಪ ಎಂದು ಪ್ರಸಾದ ಮಾಡಿಸಿ ಕಳುಹಿಸಿದೆ. ಆಫೀಸಿನವರಿಗೆ ನನ್ನ ಈ ನಡೆ ಅಷ್ಟಾಗಿ ರುಚಿಸಲಿಲ್ಲ.

ತಾಯಂದಿರ ವಿಷಯ ಇನ್ನೂ ಮರುಕ ಹುಟ್ಟಿಸುವಂಥದು. ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟಿನಲ್ಲಿ ಆರಂಭವಾದ ಬಳಿಕ ರಾಯಬಾಗ ತಾಲೂಕಿನ ಒಬ್ಬ ವಿದ್ಯಾರ್ಥಿಯ ತಾಯಿ ತಿಂಗಳುಗಟ್ಟಲೆ ತನ್ನ ಪಾಸ್‌ಬುಕ್ಕು ತುಂಬಿಸಿ ತುಂಬಿಸಿ, ಎರಡು ಸಾವಿರ ರೂಪಾಯಿ ಬಂದೇ ಇಲ್ಲವೆಂದು ಅಂಗನವಾಡಿಯ ಬಾಯಿಯವರೊಡನೆ ಜಗಳ ಕಾದರು. ಹಣ ಬರುತ್ತಲೇ ಇತ್ತು. ಸರ್ಕಾರದ ನೇರ ವರ್ಗಾವಣೆ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಹಲವು ಖಾತೆಗಳಿದ್ದರೆ ಕಡೆಯದಾಗಿ ಜೋಡಣೆಯಾದ ಒಂದಕ್ಕೆ ಮಾತ್ರ. ಆ ತಾಯಿ ಹಿಂದೊಮ್ಮೆ ಇನ್ನೊಂದು ಬ್ಯಾಂಕಿನಲ್ಲಿ ಜನಧನ ಖಾತೆ ತೆರೆದು ಮರೆತಿದ್ದರು. ಅದರ ರೂಪೇ ಕಾರ್ಡು ಒಡೆಯದ ಲಕೋಟೆಯಲ್ಲಿ ಟ್ರಂಕಿನ ತಳದಲ್ಲಿ, ಮದುವೆಯ ಇಳಕಲ್ ಸೀರೆಯ ಅಡಿಯಲ್ಲಿ ಸಿಕ್ಕಿತು. ಕೈಯಲ್ಲಿದ್ದ ಕಾರ್ಡು ಒಂದು ಖಾತೆಯದು, ಹಣ ಬೀಳುತ್ತಿದ್ದುದು ಇನ್ನೊಂದಕ್ಕೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದಾಗಿದೆ. ಎರಡು ನಿಮಿಷದ ಕೆಲಸ. ಅದನ್ನು ಮಾಡಿಕೊಟ್ಟವನು ಅವರ ಮಗನೇ, ಒಂಬತ್ತನೆಯ ತರಗತಿಯ ಹುಡುಗ.

ಆ ಟ್ರಂಕಿನ ಕಾರ್ಡಿನ ಬಗೆಗೆ ಇನ್ನೊಂದು ಮಾತಿದೆ. 2014ರಲ್ಲಿ ಆರಂಭವಾದ ಜನಧನ ಯೋಜನೆಯ ಕಾರ್ಡಿನೊಡನೆ ಅಪಘಾತ ವಿಮೆಯಿದೆ: ಮೊದಲು ಒಂದು ಲಕ್ಷ, 2018ರ ಆಗಸ್ಟ್ 28ರ ನಂತರ ತೆರೆದ ಖಾತೆಗಳಿಗೆ ಎರಡು ಲಕ್ಷ. ಆದರೆ ಅಪಘಾತಕ್ಕೆ ಹಿಂದಿನ 90 ದಿನಗಳೊಳಗೆ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ದುಡಿಯುವವರು, ಬೀಡಿ ಕಟ್ಟುವವರು, ದಿನವೂ ಟ್ರ್ಯಾಕ್ಸಿನಲ್ಲಿ ಜೋತುಬಿದ್ದು ಹೋಗುವವರು ಈ ಕಾರ್ಡನ್ನು ಸವೆಯಬಾರದೆಂದು ಕಾಯ್ದಿಡುತ್ತಾರೆ. ಕಾಯ್ದಿಟ್ಟುದರಿಂದಲೇ ವಿಮೆ ಕೈತಪ್ಪುತ್ತದೆ ಎಂದು ಅವರಿಗೆ ಹೇಳಿದವರು ಯಾರು?

ನಮ್ಮ ಗಡಿ ಸೀಮೆಯಲ್ಲಿ ಈ ತೊಡಕಿಗೆ ಇನ್ನೊಂದು ಎಳೆ ಸೇರುತ್ತದೆ. ಕಾಗವಾಡದವರಿಗೆ ಮಿರಜ, ಸಾಂಗಲಿ ಹತ್ತಿರ. ನಿಪ್ಪಾಣಿಯವರಿಗೆ ಕೊಲ್ಹಾಪುರ, ಇಚಲಕರಂಜಿ ಹತ್ತಿರ. ದುಡಿಮೆ ಅಲ್ಲಿ, ಮನೆ ಇಲ್ಲಿ. ಪಗಾರದ ಖಾತೆ ಅಲ್ಲಿ, ರೇಶನ್ನಿನ ಖಾತೆ ಇಲ್ಲಿ. ಕಾರ್ಡು ಮಾತ್ರ ಗಡಿಯನ್ನು ಅರಿಯದು, ಎರಡೂ ಕಡೆ ನಡೆಯುತ್ತದೆ. ಅಲ್ಲಿನ ಪತ್ರಗಳು ಮರಾಠಿಯಲ್ಲಿ, ಇಲ್ಲಿನವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಇದರ ಮೇಲೆ ಬ್ಯಾಂಕುಗಳ ವಿಲೀನ. ಉಡುಪಿಯಲ್ಲಿ ಹುಟ್ಟಿ ಪಿಗ್ಮಿ ಠೇವಣಿಯಿಂದ ಮನೆಮನೆಗೆ ಬಂದ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು, ಮರುವರ್ಷ ಅದರ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ನಿಂತುಹೋದವು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಕೈಯಲ್ಲಿಯ ಕಾರ್ಡಿನ ಮೇಲೆ ಒಂದು ಹೆಸರು, ಫಲಕದ ಮೇಲೆ ಇನ್ನೊಂದು. ಪಿಗ್ಮಿಯವನು ಕಣ್ಣೆದುರೇ ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ ಕಾಲದಲ್ಲಿ ಖಾತೆ ಯಾವುದೆಂಬ ಸಂಶಯಕ್ಕೆ ಎಡೆಯೇ ಇರಲಿಲ್ಲವೆಂದು ಹಿರಿಯರು ನೆನೆಯುವುದು ಬರಿಯ ಹಂಬಲವಲ್ಲ.

ಈಗ ಎಲ್ಲವೂ ಮೊಬೈಲಿನಲ್ಲಿ ನಡೆಯುತ್ತಿರುವಾಗ ಕಾರ್ಡಿನ ಚಿಂತೆ ಏತಕ್ಕೆ ಎಂದು ನಮ್ಮ ವಿಜ್ಞಾನ ಶಿಕ್ಷಕರೊಬ್ಬರು ವಾದಿಸಿದರು. ಅವರ ಮೊಬೈಲನ್ನೇ ತೆರೆಸಿ ನೋಡಿದೆವು. ಒಂದೇ ಯುಪಿಐ ಆ್ಯಪಿನಲ್ಲಿ ಅವರ ಎರಡು ಬ್ಯಾಂಕುಗಳ ಖಾತೆಗಳೂ ಒಂದು ರೂಪೇ ಕ್ರೆಡಿಟ್ ಕಾರ್ಡೂ ಜೋಡಿಸಿದ್ದವು. ರೂಪೇ ಕ್ರೆಡಿಟ್ ಕಾರ್ಡನ್ನು ಹೀಗೆ ಜೋಡಿಸಲು 2022ರಲ್ಲಿ ರಿಸರ್ವ್ ಬ್ಯಾಂಕು ಅನುಮತಿ ಕೊಟ್ಟಿತು. ತಾವಾಗಿ ಆರಿಸದಿದ್ದರೆ ಹಣ ಯಾವುದರಿಂದ ಹೋಗುತ್ತದೆಂದು ಕೇಳಿದೆ. ಅವರು ಸ್ವಲ್ಪ ಹೊತ್ತು ತಡಕಾಡಿ, ಸಂಜೆ ಹೇಳುತ್ತೇನೆಂದು ಎದ್ದರು. ಸಂತೆಯ ಕಾಯಿಪಲ್ಯೆಯವರೆಗೆ ಎಲ್ಲವೂ ಕ್ರೆಡಿಟ್ ಕಾರ್ಡಿನಿಂದಲೇ ಹೋಗುತ್ತಿತ್ತೆಂದು ಮರುದಿನ ಒಪ್ಪಿಕೊಂಡರು.

ತಿಳಿಸುವ ಹೊಣೆ ಬ್ಯಾಂಕಿನದಲ್ಲವೆ ಎಂಬ ಆಕ್ಷೇಪಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಗಿರಾಕಿ ಕೇಳದೆ ಕ್ರೆಡಿಟ್ ಕಾರ್ಡು ಕೊಡತಕ್ಕದ್ದಲ್ಲವೆಂದೂ, ಡೆಬಿಟ್ ಕಾರ್ಡನ್ನು ಬಲವಂತದಿಂದ ಹೇರತಕ್ಕದ್ದಲ್ಲವೆಂದೂ ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ವಿಧಿಸಿತು. ಸಾಲದ ಖಾತೆಗಳಿಗೆ ಡೆಬಿಟ್ ಕಾರ್ಡು ಕೊಡಬಾರದೆಂದೂ ಅದರಲ್ಲಿಯೇ ಹೇಳಿ, ಕಿಸಾನ್ ಕ್ರೆಡಿಟ್ ಕಾರ್ಡಿನ ಖಾತೆಗೂ ಜನಧನದ ಓವರ್‌ಡ್ರಾಫ್ಟಿಗೂ ವಿನಾಯಿತಿ ಇಟ್ಟಿತು. ರೈತನ ಅನುಕೂಲಕ್ಕಾಗಿ ಇಟ್ಟ ಆ ವಿನಾಯಿತಿ ಸರಿಯಾದದ್ದೇ. ಆದರೆ ಸಾಲದ ಕಾರ್ಡೂ ಉಳಿತಾಯದ ಕಾರ್ಡೂ ಒಂದೇ ಯಂತ್ರದಲ್ಲಿ ಒಂದೇ ರೀತಿ ನೋಟು ಉಗುಳುವುದು ಅತ್ಯಂತ ಹೆಚ್ಚಾಗಿ ತಗಲುವುದೂ ಆ ರೈತನಿಗೇ. ಕಾರ್ಡಿನ ಮುಖದ ಮೇಲೆ ‘ಬೆಳೆಸಾಲ’ ಎಂಬ ನಾಲ್ಕು ಅಕ್ಷರಗಳನ್ನು ಕನ್ನಡದಲ್ಲಿ ದಪ್ಪಗೆ ಅಚ್ಚು ಹಾಕಲು ಬ್ಯಾಂಕುಗಳಿಗೆ ಎಷ್ಟು ಖರ್ಚಾದೀತು? ಅದನ್ನು ನಾವು ಕೇಳಲೇಬೇಕು.

ಹೆಸರುಗಳ ವಿಷಯದಲ್ಲಿ ನಮ್ಮ ಪಂಡಿತ ವರ್ಗದವರಿಗೂ ಒಂದು ಮಾತು. ‘ಋಣಪತ್ರಿಕೆ’, ‘ವ್ಯಯಪತ್ರಿಕೆ’ ಎಂದು ಯಾರಾದರೂ ಟಂಕಿಸಹೊರಟರೆ ಮೊದಲು ವಿರೋಧಿಸುವವನು ನಾನು. ಅಂಥ ಶಬ್ದಗಳು ಹುಟ್ಟಿದ ದಿನವೇ ಸಾಯುತ್ತವೆ. ಡೆಬಿಟ್ ಕಾರ್ಡಿಗೆ ‘ಖಾತೆ ಕಾರ್ಡು’, ಕ್ರೆಡಿಟ್ ಕಾರ್ಡಿಗೆ ‘ಪತ್ತಿನ ಕಾರ್ಡು’ ಎಂದು ನನ್ನ ತರಗತಿಯಲ್ಲಿ ಹೇಳಲು ತೊಡಗಿದ್ದೇನೆ. ಮಕ್ಕಳು ಎರಡನೆಯದನ್ನು ಇನ್ನೂ ಸರಳ ಮಾಡಿ ‘ಉದ್ರಿ ಕಾರ್ಡು’ ಎಂದರು. ಅದು ನನ್ನದಕ್ಕಿಂತ ಚೆನ್ನಾಗಿದೆ.

ಆಡಳಿತ ಮಂಡಲಿಯವರಲ್ಲಿಯೂ ಸಹೋದ್ಯೋಗಿಗಳಲ್ಲಿಯೂ ನನ್ನ ವಿನಂತಿ ಇಷ್ಟೆ. ಒಂಬತ್ತು, ಹತ್ತನೆಯ ತರಗತಿಗಳಿಗೆ ವರ್ಷಕ್ಕೆ ನಾಲ್ಕು ತಾಸು ಈ ವಿಷಯಕ್ಕೆ ಮೀಸಲಾಗಲಿ. ಪರೀಕ್ಷೆ ಬೇಡ. ಪಾಸ್‌ಬುಕ್ಕಿನ ಒಂದು ಪುಟ, ಕ್ರೆಡಿಟ್ ಕಾರ್ಡಿನ ಒಂದು ಬಿಲ್ಲು, ಬೆಳೆಸಾಲದ ಒಂದು ಲೆಕ್ಕ, ಹೆಸರು ಸಂಖ್ಯೆಗಳನ್ನು ಅಳಿಸಿ ಹಲಗೆಯ ಮೇಲೆ ಬರೆದು ಓದಿಸಿದರೆ ಸಾಕು. ಸುತ್ತಲಿನ ತಾಲೂಕುಗಳ ಬ್ಯಾಂಕುಗಳಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಗಳು ಕಡಿಮೆಯೇನೂ ಇಲ್ಲ. ಅವರು ಒಂದೊಂದು ದಿನ ಬರಲಿ. ದಾನಿಗಳು ಬಹುಮಾನದ ಢಾಲು ಕೊಡುವುದರ ಬದಲು ಒಂದು ವರ್ಷ ಈ ಪಾಠದ ಕಿರುಹೊತ್ತಗೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿಕೊಡಲಿ, ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಅದು ಆಗುವವರೆಗೆ ಪ್ರತಿ ಶನಿವಾರ ಶಾಲೆ ಬಿಟ್ಟ ಬಳಿಕ ನಾನು ವಾಚನಾಲಯದಲ್ಲಿ ಕುಳಿತಿರುತ್ತೇನೆ. ಪಾಲಕರು ಪಾಸ್‌ಬುಕ್ಕುಗಳನ್ನೂ ಕಾರ್ಡುಗಳನ್ನೂ ತರಬಹುದು. ಯಾವ ಕಾರ್ಡು ಯಾವ ಖಾತೆಯದೆಂದು ಬ್ಯಾಂಕಿಗೆ ಫೋನು ಮಾಡಿಸಿ ಖಚಿತಪಡಿಸಿಕೊಂಡು, ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನೂ ‘ಉಳಿತಾಯ’ ಅಥವಾ ‘ಸಾಲ’ ಎಂಬುದನ್ನೂ ಕಾರ್ಡಿನ ಚೀಲದ ಮೇಲೆ ಬರೆದುಕೊಡುತ್ತೇವೆ. ಅಥಣಿಯ ಶಿಷ್ಯನದು ಕೆಂಪು ಶಾಯಿಯಲ್ಲಿ ಬರೆದಿದೆ. ಗುಪ್ತಸಂಖ್ಯೆಯನ್ನು ಮಾತ್ರ ಯಾರೂ ತರಬಾರದು, ನನಗೂ ಹೇಳಬಾರದು. ಕಳೆದ ವಾರ ಬಂದ ಐದು ಚೀಲಗಳಲ್ಲಿ ಮೂರರ ಮೇಲೆ ಅದನ್ನೇ ಅಂದವಾಗಿ ಬರೆದಿತ್ತು.